ಇಂದ್ರಾಳಿ ಏರಿನಲ್ಲಿ ಹೊಸ ಸೈಕಲ್ಲಿನ ಕಟಕ್ ಕಟಕ್

ಹೊಸ ಸೈಕಲ್ ತಗೊಂಡು ಮೂರು ವಾರ ಆಗಿತ್ತು. ಬೆಳಿಗ್ಗೆ ಆರು ಗಂಟೆಗೆ ಉಡುಪಿಯ ಕುಂಜಿಬೆಟ್ಟಿನ ಮನೆಯಿಂದ ಹೊರಟು, ಇಂದ್ರಾಳಿಯ ರೈಲ್ವೆ ಸೇತುವೆ ದಾಟಿ, ಮಣಿಪಾಲದ ಏರು ಶುರುವಾಗುತ್ತಿದ್ದ ಹಾಗೆ ಕಾಲಡಿಯಿಂದ ಒಂದು ಸದ್ದು. ಕಟಕ್. ಪೆಡಲ್ ಒಂದು ಸುತ್ತು ಬಂದಾಗ ಮತ್ತೆ ಕಟಕ್. ಲಕ್ಷ್ಮೀಂದ್ರ ನಗರದ ಹತ್ತಿರ ಏರು ಜಾಸ್ತಿಯಾದಾಗ ಸದ್ದೂ ಜೋರಾಯಿತು. ಟೈಗರ್ ಸರ್ಕಲ್ ತಲುಪಿ ಸಮತಟ್ಟಿಗೆ ಬಂದ ಕೂಡಲೇ ಮಾಯ. ಇಳಿದು ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಕೈಯಲ್ಲಿ ಪೆಡಲ್ ತಿರುಗಿಸಿದರೆ ಒಂಚೂರೂ ಸದ್ದಿಲ್ಲ.

ಈ ಸದ್ದಿನ ಹಿಂದೆ ನಾನು ಹತ್ತಿರ ಹತ್ತಿರ ಒಂದು ತಿಂಗಳು ಓಡಾಡಿದೆ. ಕೊನೆಗೆ ಸಿಕ್ಕಿತು. ನಮ್ಮ ಕಡೆ ಈಗ ಗೇರ್ ಸೈಕಲ್ ತಗೊಳ್ಳುವವರು ತುಂಬ ಜನ ಇದ್ದಾರೆ, ಅವರಲ್ಲಿ ಹಲವರಿಗೆ ಇದೇ ಸದ್ದು ಬರುತ್ತದೆ, ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಸೈಕಲ್ ಕೊಂಡ ಅಂಗಡಿಗೇ ಹೋದೆ. ಹೊಸ ಗಾಡಿ ಅಲ್ವಾ, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತದೆ ಅಂದರು. ಇನ್ನೊಂದು ಕಡೆ ಕೇಳಿದೆ. ಬಾಟಂ ಬ್ರಾಕೆಟ್ ಹೋಗಿದೆ, ಹೊಸದು ಹಾಕಬೇಕು ಅಂದರು. ಎರಡೂ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಸದ್ದು ಬರುವ ಜೋಡಣೆ ತಾನಾಗಿ ಸರಿ ಹೋಗುವುದಿಲ್ಲ, ಲೂಸ್ ಇದ್ದದ್ದು ಇನ್ನೂ ಲೂಸ್ ಆಗುತ್ತದೆ ಅಷ್ಟೇ. ಮತ್ತೆ ಮೂರು ವಾರದಲ್ಲಿ ಬಾಟಂ ಬ್ರಾಕೆಟ್ಟಿನ ಬೇರಿಂಗ್ ಸವೆಯುವುದು ಬಹಳ ಅಪರೂಪ.

ಬಾಟಂ ಬ್ರಾಕೆಟ್ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಎರಡು ಪೆಡಲ್‌ಗಳ ಮಧ್ಯೆ, ಫ್ರೇಮಿನ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಗಿಡ್ಡ ಕೊಳವೆ ಇದೆಯಲ್ಲ, ಅದರೊಳಗೆ ಕೂತಿರುವ ಅಚ್ಚು ಮತ್ತು ಬೇರಿಂಗ್. ಸೈಕಲ್‌ನವರು ಬಿಬಿ ಅನ್ನುತ್ತಾರೆ. ನಮ್ಮ ಅಜ್ಜನ ಕಾಲದ ಕಪ್ಪು ಸೈಕಲ್ಲಿನಲ್ಲಿ ಅದರೊಳಗೆ ಬಿಡಿ ಬಾಲ್ಸ್ ಇರುತ್ತಿದ್ದವು, ಒಂದೊಂದು ಬದಿಗೆ ಕಾಲು ಇಂಚಿನ 11 ಬಾಲ್ಸ್. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಅದನ್ನು ಅಚ್ಚಿಗೆ ಹಿಡಿದಿರುತ್ತಿದ್ದದ್ದು ಕೋಟರ್ ಪಿನ್. ಆ ಪಿನ್ ಸ್ವಲ್ಪ ಸವೆದರೆ ಪ್ರತಿ ಸುತ್ತಿಗೂ ಕಾಲಿಗೆ ಟಕ್ ಅಂತ ಹೊಡೆತ ಗೊತ್ತಾಗುತ್ತಿತ್ತು. ಈಗಿನ ಸಾಧಾರಣ ಬೆಲೆಯ ಹೈಬ್ರಿಡ್ ಸೈಕಲ್ಲುಗಳಲ್ಲಿ ಬೇರಿಂಗ್ ಮತ್ತು ಅಚ್ಚು ಒಂದೇ ಮುಚ್ಚಿದ ಡಬ್ಬಿಯಾಗಿ ಬರುತ್ತದೆ, ಕಾರ್ಟ್ರಿಡ್ಜ್ ಅನ್ನುತ್ತಾರೆ. ಅಚ್ಚಿನ ತುದಿ ಚೌಕಾಕಾರ, ಹೊರಗೆ ಬರುತ್ತಾ ಸ್ವಲ್ಪ ಸಪೂರ ಆಗುತ್ತದೆ. ಕ್ರ್ಯಾಂಕ್ ಅದರ ಮೇಲೆ ಬೆಣೆಯ ಹಾಗೆ ಬಿಗಿಯಾಗಿ ಕೂರುತ್ತದೆ. ನನ್ನದೂ ಇದೇ ತರಹದ್ದು.

ಬೇರಿಂಗ್ ಹೋಗಿದೆಯಾ ಇಲ್ಲವಾ ಅಂತ ನೋಡುವುದು ಎರಡು ನಿಮಿಷದ ಕೆಲಸ. ಚೈನನ್ನು ಮುಂದಿನ ಹಲ್ಲುಚಕ್ರದಿಂದ ಒಳಗಡೆಗೆ ಇಳಿಸಿ, ಬರೀ ಕ್ರ್ಯಾಂಕ್ ತಿರುಗಿಸಬೇಕು. ಬೆರಳಿಗೆ ಮರಳು ಸಿಕ್ಕಿದ ಹಾಗೆ ಗರಗರ ಅನ್ನಿಸಿದರೆ ಬೇರಿಂಗ್ ಹಾಳಾಗಿದೆ. ಆಮೇಲೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಬೇಕು. ಆಟ ಇದ್ದರೆ ಏನೋ ಲೂಸ್ ಇದೆ ಅಂತ ಅರ್ಥ. ನನ್ನ ಸೈಕಲ್ಲಿನಲ್ಲಿ ಬೆಣ್ಣೆಯ ಹಾಗೆ ತಿರುಗಿತು, ಆಟವೂ ಕೈಗೆ ಸಿಗಲಿಲ್ಲ. ಹಾಗಾದರೆ ಹೊಸ ಬಿಬಿಗೆ ಯಾಕೆ ದುಡ್ಡು ಕೊಡಬೇಕು?

ನಾನು ಕಲಿತ ಮುಖ್ಯ ಸಂಗತಿ ಇದು: ಸೈಕಲ್ಲಿನಲ್ಲಿ ಸದ್ದು ಎಲ್ಲಿಂದ ಬಂದ ಹಾಗೆ ಕೇಳುತ್ತದೋ ಅಲ್ಲೇ ಇರಬೇಕು ಅಂತಿಲ್ಲ. ಅಲ್ಯೂಮಿನಿಯಂ ಫ್ರೇಮ್ ಅಂದರೆ ಟೊಳ್ಳು ಕೊಳವೆಗಳು. ಚೆಂಡೆಯ ಒಂದು ಬದಿಗೆ ಕೋಲು ಬಿದ್ದರೆ ಇಡೀ ಚೆಂಡೆ ದನಿ ಕೊಡುತ್ತದಲ್ಲ, ಹಾಗೆ. ಸೀಟಿನ ಕೆಳಗಿನ ಸದ್ದು, ಹಿಂದಿನ ಚಕ್ರದ ಸದ್ದು ಎಲ್ಲವೂ ಕಾಲ ಬುಡದಿಂದಲೇ ಬಂದ ಹಾಗೆ ಕೇಳುತ್ತದೆ. ಎಲ್ಲರೂ ಬಿಬಿಯನ್ನೇ ದೂರುವುದು ಅದಕ್ಕೇ. ಆದ್ದರಿಂದ ಸದ್ದು ಎಲ್ಲಿ ಅಂತ ಹುಡುಕುವ ಮೊದಲು ಸದ್ದು ಯಾವಾಗ ಅಂತ ನೋಡಬೇಕು.

ಅದಕ್ಕೆ ನಾನು ಒಂದು ಭಾನುವಾರ ಮಲ್ಪೆಗೆ ಹೋದೆ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು, ಮುಂದೆ ಕಾಪುವಿನ ಕಡೆಗೆ ಹೋಗುವ ಕಡಲ ಬದಿಯ ರಸ್ತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ಬೆಳಿಗ್ಗೆ ಗಾಡಿಗಳು ಕಡಿಮೆ, ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ಕಿವಿ ಕೊಟ್ಟು ಕೇಳಲು ಇಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಅಲೆಯ ಸದ್ದು ಮಾತ್ರ ಸ್ವಲ್ಪ ತೊಂದರೆ ಕೊಟ್ಟಿತು.

ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸುಮ್ನೆ ಜಾರಲು ಬಿಟ್ಟೆ. ಸದ್ದು ಬರಲಿಲ್ಲ. ಹಾಗಾದರೆ ಚಕ್ರದ ಕಡ್ಡಿ, ಹಬ್ (ಚಕ್ರದ ನಡುಭಾಗ) ಇವುಗಳ ಮೇಲಿನ ಅನುಮಾನ ಕಡಿಮೆ. ಗೇರ್ ಬದಲಿಸಿ ನೋಡಿದೆ. ಚಕ್ರ ಎಷ್ಟು ವೇಗವಾಗಿ ತಿರುಗಿದರೂ ಸದ್ದು ಪೆಡಲಿನ ಸುತ್ತಿಗೆ ಸರಿಯಾಗಿ ಒಂದೇ. ಇದು ದೊಡ್ಡ ಸುಳಿವು. ಪೆಡಲ್, ಕ್ರ್ಯಾಂಕ್, ಹಲ್ಲುಚಕ್ರದ ಬೋಲ್ಟ್, ಬಿಬಿ, ಇಷ್ಟರಲ್ಲೇ ಎಲ್ಲೋ ಇರಬೇಕು, ಇಲ್ಲ ಅಂದರೆ ತುಳಿದಾಗ ನಮ್ಮ ಮೈ ಆ ಕಡೆ ಈ ಕಡೆ ವಾಲುತ್ತದಲ್ಲ, ಆಗ ಸೀಟು ಅಥವಾ ಹ್ಯಾಂಡಲ್ ಕಿರುಗುಟ್ಟುತ್ತಿರಬೇಕು. ಸೀಟಿನಿಂದ ಎದ್ದು ನಿಂತು ತುಳಿದೆ. ಸದ್ದು ಇದೆ, ಇನ್ನೂ ಜೋರಾಗಿಯೇ ಇದೆ. ಸೀಟು ಮತ್ತು ಸೀಟಿನ ಕಂಬ ಪಾರಾದವು. ಹ್ಯಾಂಡಲ್ ಮೇಲೆ ಭಾರ ಹಾಕದೆ ಬೆರಳ ತುದಿಯಲ್ಲಿ ಹಿಡಿದು ತುಳಿದೆ. ಆಗಲೂ ಸದ್ದು ಇದೆ. ಹ್ಯಾಂಡಲೂ ಪಾರಾಯಿತು. ಕೊನೆಗೆ ಒಂದೇ ಕಾಲಿನಲ್ಲಿ ತುಳಿದೆ. ಬಲಗಾಲಿನಲ್ಲಿ ಸಣ್ಣ ಸದ್ದು, ಎಡಗಾಲಿನಲ್ಲಿ ದೊಡ್ಡ ಸದ್ದು.

ವಾಪಸ್ ಬರುವಾಗ ಮಲ್ಪೆಯಿಂದ ಉಡುಪಿಗೆ ಬರುವ ದಾರಿಯಲ್ಲಿ ಒಂದು ಹಳೆಯ ಸೈಕಲ್ ರಿಪೇರಿ ಅಂಗಡಿ ಕಂಡಿತು. ಅಲ್ಲಿ ಗೇರ್ ಸೈಕಲ್ ಮಾರುವುದಿಲ್ಲ. ಪಂಕ್ಚರ್, ಮಕ್ಕಳ ಸೈಕಲ್, ಮೀನು ಮಾರುವವರ ಹಳೆಯ ಸೈಕಲ್, ಇಷ್ಟೇ. ಅಲ್ಲಿದ್ದ ಹಿರಿಯರಿಗೆ ಅರವತ್ತು ದಾಟಿರಬೇಕು. ನಾನು ತುಳುವಿನಲ್ಲಿ ಸಂಗತಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಪೆಡಲ್ ಬಿಚ್ಚಿ ನೋಡಿದ್ದೀರಾ ಮಾರಾಯ್ರೆ?"

"ಇಲ್ಲ ಅಣ್ಣ, ಅದು ಟೈಟಾಗಿಯೇ ಉಂಟು."

"ಟೈಟ್ ಇರುವುದು ಬೇರೆ, ಗ್ರೀಸ್ ಇರುವುದು ಬೇರೆ. ಮೊದಲು ಸಸಾರ ಇರುವುದನ್ನು ಬಿಚ್ಚಿ. ಬಿಬಿಗೆ ಕೊನೆಗೆ ಕೈ ಹಾಕಿ. ಒಂದು ಸಲಕ್ಕೆ ಒಂದೇ."

ಈ ಮಾತಿಗೆ ನಾನು ಅವರಿಗೆ ಋಣಿ. ಒಂದೇ ದಿನ ಎಲ್ಲ ಬಿಚ್ಚಿ ಎಲ್ಲ ಟೈಟ್ ಮಾಡಿದರೆ ಸದ್ದು ಹೋಗಬಹುದು, ಆದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ, ಮತ್ತೆ ಬಂದಾಗ ಪುನಃ ಮೊದಲಿಂದ ಶುರು ಮಾಡಬೇಕು.

ಪೆಡಲಿಗೆ 15 ಮಿಲಿಮೀಟರ್ ಸ್ಪ್ಯಾನರ್ ಬೇಕು. ಬಲ ಪೆಡಲಿಗೆ ಮಾಮೂಲು ಥ್ರೆಡ್, ಎಡ ಪೆಡಲಿಗೆ ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು. ನೆನಪಿಡಲು ಸುಲಭ ದಾರಿ ಇದೆ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿ ನಿಲ್ಲುವ ಹಾಗೆ ಹಾಕಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತದೆ. ಬಿಚ್ಚಿ ನೋಡಿದರೆ ಎರಡರ ಥ್ರೆಡ್ಡೂ ಒಣಗಿದ ತೆಂಗಿನ ಸಿಪ್ಪೆಯ ಹಾಗೆ, ಗ್ರೀಸ್ ಸುಳಿವೇ ಇಲ್ಲ. ಪೆಟ್ಟಿಗೆಯಲ್ಲಿ ಬಂದ ಸೈಕಲ್ಲಿಗೆ ಅಂಗಡಿಯಲ್ಲಿ ಪೆಡಲ್ ಹಾಕುವಾಗ ಒಂದು ಬೆರಳು ಗ್ರೀಸ್ ಹಚ್ಚಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಒರೆಸಿ, ಗ್ರೀಸ್ ಹಚ್ಚಿ, ಬಿಗಿಯಾಗಿ ಹಾಕಿದೆ. ಮರುದಿನ ಇಂದ್ರಾಳಿ ಏರಿನಲ್ಲಿ ಸದ್ದು ಅರ್ಧಕ್ಕೆ ಇಳಿದಿತ್ತು. ಬಲಗಾಲಿನ ಸಣ್ಣ ಸದ್ದು ಪೂರ್ತಿ ಹೋಗಿತ್ತು.

ಎಡದ್ದು ಮಾತ್ರ ಹಾಗೇ ಇತ್ತು. ಅಂದರೆ ಒಂದಲ್ಲ, ಎರಡು ಸದ್ದುಗಳು ಸೇರಿಕೊಂಡಿದ್ದವು. ಒಂದು ಸರಿ ಮಾಡಿದರೂ ಇನ್ನೊಂದು ಉಳಿದರೆ ನಮಗೆ ಏನೂ ಆಗಲಿಲ್ಲ ಅನ್ನಿಸಿ ಬೇಸರ ಬರುತ್ತದೆ. ಬೇಸರ ಪಡಬೇಡಿ, ಎಷ್ಟು ಕಡಿಮೆ ಆಯಿತು ಅಂತ ಗಮನಿಸಿ.

ಮುಂದಿನ ಎರಡು ದಿನ ಹಲ್ಲುಚಕ್ರದ ಬೋಲ್ಟುಗಳು, ಹಿಂದಿನ ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಫ್ರೇಮಿಗೆ ಬಿಗಿ ಮಾಡುವ ಲಿವರ್), ಗೇರ್ ನೇತಾಡುವ ಹ್ಯಾಂಗರಿನ ಸ್ಕ್ರೂ, ಬಾಟಲ್ ಸ್ಟ್ಯಾಂಡಿನ ಬೋಲ್ಟ್, ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಆದರೆ ಹಿಂದಿನ ಚಕ್ರದ ಕ್ವಿಕ್ ರಿಲೀಸನ್ನು ಯಾರೂ ಬಿಡಬಾರದು. ಚಕ್ರದ ಅಚ್ಚು ಫ್ರೇಮಿನಲ್ಲಿ ಕೂರುವ ಜಾಗ ಒಣಗಿದ್ದರೆ ಅದೂ ಥೇಟ್ ಬಿಬಿಯ ಹಾಗೇ ಸದ್ದು ಮಾಡುತ್ತದೆ.

ಆಮೇಲೆ ನನ್ನ ಮಗಳ ಸಹಾಯ ತಗೊಂಡೆ. ಎಂಟನೇ ಕ್ಲಾಸು. ಮನೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಮುಂದಿನ ಚಕ್ರ ಗೋಡೆಗೆ ತಾಗಿಸಿ, ನಾನು ಎರಡೂ ಬ್ರೇಕ್ ಹಿಡಿದು ಎಡ ಪೆಡಲನ್ನು ಮುಂದಕ್ಕೆ ನೆಟ್ಟಗೆ ಇಟ್ಟು ಅದರ ಮೇಲೆ ಭಾರ ಹಾಕಿ ಬಿಟ್ಟೆ, ಹಾಕಿ ಬಿಟ್ಟೆ. ಕಟಕ್ ಬಂತು! ಓಡಿಸದೆ ಸದ್ದು ಬರಿಸಲು ಆದರೆ ಅರ್ಧ ಕೆಲಸ ಆದ ಹಾಗೆ. ಅವಳ ಕೈಗೆ ಉದ್ದದ ಸ್ಕ್ರೂಡ್ರೈವರ್ ಕೊಟ್ಟೆ. ತುದಿ ಸೈಕಲ್ಲಿಗೆ, ಹಿಡಿ ಕಿವಿಗೆ. ಬೈಕ್ ಮೆಕ್ಯಾನಿಕ್‌ಗಳು ಎಂಜಿನ್ ಸದ್ದು ಕೇಳಲು ಇದೇ ಉಪಾಯ ಮಾಡುತ್ತಾರೆ. ಸೀಟಿನ ಕಂಬದ ಬುಡಕ್ಕೆ ಇಟ್ಟಳು, ದೂರದ ಸದ್ದು. ಬಲ ಬದಿಗೆ ಇಟ್ಟಳು, ಸ್ವಲ್ಪ ಹತ್ತಿರ. ಎಡ ಬದಿಯ ಬಿಬಿ ಕಪ್, ಅಂದರೆ ಕಾರ್ಟ್ರಿಡ್ಜನ್ನು ಫ್ರೇಮಿಗೆ ಹಿಡಿಸುವ ಥ್ರೆಡ್ ಇರುವ ಬಳೆ, ಅದರ ಹತ್ತಿರ ಇಟ್ಟಳು, ಕಿವಿಯಿಂದ ತಟ್ಟನೆ ತೆಗೆದಳು. "ಅಪ್ಪ, ಇಲ್ಲೇ. ಕಿವಿಗೆ ಹೊಡೆದ ಹಾಗೆ ಆಯಿತು." ನಾನು ಅಲ್ಲಿ ಬೆರಳಿಟ್ಟೆ, ಅವಳು ಪೆಡಲ್ ಒತ್ತಿದಳು. ಸದ್ದು ಬೆರಳಿಗೇ ತಾಗಿತು.

ಬೇರಿಂಗ್ ಚೆನ್ನಾಗಿದ್ದರೂ ಬಿಬಿ ಯಾಕೆ ಸದ್ದು ಮಾಡುತ್ತದೆ? ತೊಟ್ಟಿಲಿನ ಕೊಂಡಿ ನೆನಪು ಮಾಡಿಕೊಳ್ಳಿ. ಒಣ ಕಬ್ಬಿಣದ ಮೇಲೆ ಒಣ ಕಬ್ಬಿಣ ಸ್ವಲ್ಪ ಹೊತ್ತು ಕಚ್ಚಿಕೊಂಡು ನಿಂತು, ಭಾರ ಜಾಸ್ತಿಯಾದಾಗ ಫಕ್ಕನೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಆ ಜಾರುವಿಕೆಯೇ ಸದ್ದು. ಬಿಬಿಯ ಕಪ್ ಫ್ರೇಮಿನ ಥ್ರೆಡ್ಡಿನಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು. 70 ಕಿಲೋ ತೂಕದವರು ಏರಿನಲ್ಲಿ ಎದ್ದು ನಿಂತು ಒಂದೇ ಪೆಡಲಿನ ಮೇಲೆ ಭಾರ ಬಿಟ್ಟರೆ, 170 ಮಿಲಿಮೀಟರ್ ಕ್ರ್ಯಾಂಕಿನ ತುದಿಯಲ್ಲಿ ಅಷ್ಟೂ ತೂಕ ತೂಗುತ್ತದೆ, ಫ್ರೇಮಿನ ಆ ಭಾಗ ನಿಜವಾಗಿಯೂ ಸ್ವಲ್ಪ ತಿರುಚುತ್ತದೆ. ಕೈಯಲ್ಲಿ ತಿರುಗಿಸಿದಾಗ ಸದ್ದು ಯಾಕೆ ಬರಲಿಲ್ಲ, ಸಮತಟ್ಟಿನಲ್ಲಿ ಯಾಕೆ ಕಡಿಮೆ, ಎಲ್ಲ ಇದರಿಂದಲೇ ಗೊತ್ತಾಗುತ್ತದೆ.

ಬಿಬಿ ಬಿಚ್ಚಲು ಎರಡು ವಿಶೇಷ ಟೂಲ್ ಬೇಕು. ಕ್ರ್ಯಾಂಕ್ ಎಳೆಯುವ ಪುಲ್ಲರ್, ಮತ್ತೆ ಕಪ್ಪಿನ ಒಳಗೆ ಕೂರುವ 20 ಹಲ್ಲಿನ ಬಿಬಿ ಟೂಲ್. ಆನ್‌ಲೈನ್‌ನಲ್ಲಿ ತರಿಸಿದೆ. ಜೊತೆಗೆ 8 ಮಿಲಿಮೀಟರ್ ಅಲೆನ್ ಕೀ ಮತ್ತು ಒಂದು ದೊಡ್ಡ ಅಡ್ಜಸ್ಟೆಬಲ್ ಸ್ಪ್ಯಾನರ್. ಪುಲ್ಲರನ್ನು ಕ್ರ್ಯಾಂಕಿನ ಥ್ರೆಡ್ಡಿಗೆ ಕೈಯಲ್ಲೇ ಪೂರ್ತಿ ತುದಿತನಕ ತಿರುಗಿಸಿ ಕೂರಿಸಿ, ಆಮೇಲೆಯೇ ಎಳೆಯಬೇಕು. ಅರ್ಧಂಬರ್ಧ ಕೂರಿಸಿ ಎಳೆದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ, ಕ್ರ್ಯಾಂಕ್ ಹಾಳು.

ಈಗ ಬರುವುದು ಎಲ್ಲರೂ ತಪ್ಪುವ ಜಾಗ. ನಮ್ಮಲ್ಲಿ ಜಾಸ್ತಿ ಕಾಣುವುದು ಇಂಗ್ಲಿಷ್ ಥ್ರೆಡ್ಡಿನ ಬಿಬಿ. ಕೊಳವೆಯ ಅಗಲ 68 ಅಥವಾ 73 ಮಿಲಿಮೀಟರ್. ಇದರಲ್ಲಿ ಬಲ ಬದಿಯ ಕಪ್ಪಿಗೆ ಉಲ್ಟಾ ಥ್ರೆಡ್, ಎಡ ಬದಿಗೆ ಮಾಮೂಲು ಥ್ರೆಡ್. ಪೆಡಲಿಗೆ ಪೂರ್ತಿ ವಿರುದ್ಧ. ಹಾಗಾಗಿ ಗುರುತೂ ವಿರುದ್ಧ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿ ಇಟ್ಟು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಕಪ್ ಬಿಚ್ಚುತ್ತದೆ. ಪೆಡಲ್ ಹಿಂದಕ್ಕೆ, ಬಿಬಿ ಮುಂದಕ್ಕೆ. ಇದನ್ನು ಮರೆತು ಬಲ ಕಪ್ಪನ್ನು ಮಾಮೂಲು ಬೋಲ್ಟ್ ಅಂತ ತಿಳಿದು ಉದ್ದದ ಪೈಪ್ ಹಾಕಿ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. ಇಟಾಲಿಯನ್ ಥ್ರೆಡ್ಡಿನ ಫ್ರೇಮುಗಳಲ್ಲಿ ಎರಡೂ ಬದಿ ಮಾಮೂಲು ಥ್ರೆಡ್ಡೇ ಇರುತ್ತದೆ, ಆದರೆ ಅಂಥವು ಇಲ್ಲಿ ಕಾಣಸಿಗುವುದು ಕಡಿಮೆ.

ಮೊದಲು ಎಡ ಕಪ್ ಬಿಚ್ಚಬೇಕು. ನಾನು ಸ್ಪ್ಯಾನರಿಗೆ ಪೂರ್ತಿ ಬಲ ಹಾಕಲು ತಯಾರಾಗಿ ಕೂತಿದ್ದೆ. ಅದು ಬಾಟಲಿ ಮುಚ್ಚಳದ ಹಾಗೆ ಸಲೀಸಾಗಿ ತಿರುಗಿತು. ಇಷ್ಟು ದಿನ ಅದು ಅಲ್ಲಿ ಸುಮ್ನೆ ಕೂತಿತ್ತು, ಹಿಡಿದುಕೊಂಡಿರಲಿಲ್ಲ. ತಯಾರಕರು ಇದಕ್ಕೆ ಹೇಳುವ ಬಿಗಿ 50ರಿಂದ 70 ನ್ಯೂಟನ್ ಮೀಟರ್. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರಿಗೆ ಲೆಕ್ಕ ಹೀಗೆ: 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 20 ಕಿಲೋ ತೂಕ ನೇತಾಡಿದರೆ ಎಷ್ಟೋ ಅಷ್ಟು, ಅಂದರೆ 60ರ ಹತ್ತಿರ. ಒಂದು ಕೈಯಲ್ಲಿ ಸುಮ್ನೆ ತಿರುಗಿಸುವ ಬಿಗಿ ಇದಲ್ಲ.

ಬಲಗಡೆಯಿಂದ ಕಾರ್ಟ್ರಿಡ್ಜ್ ಹೊರಗೆ ತೆಗೆದೆ. ಅದು ಗಟ್ಟಿಯಾಗಿಯೇ ಇತ್ತು. ಆದರೆ ಎರಡೂ ಬದಿ ಗ್ರೀಸ್ ಇಲ್ಲ. ಫ್ರೇಮಿನ ಥ್ರೆಡ್ಡಿನ ಮೇಲೆ ಬಣ್ಣದ ಚೂರುಗಳು, ಸಣ್ಣ ಸಣ್ಣ ಲೋಹದ ಪುಡಿ. ಬಣ್ಣ ಹೊಡೆದ ಮೇಲೆ ಥ್ರೆಡ್ ಸರಿಯಾಗಿ ಶುಚಿ ಮಾಡದೆ ಹಾಗೇ ತುರುಕಿದ್ದಾರೆ. ಬಣ್ಣದ ಮೇಲೆ ಕೂತ ಕಪ್, ಬಣ್ಣ ಪುಡಿಯಾದ ಮೇಲೆ ಲೂಸಾಗದೆ ಏನಾಗುತ್ತದೆ? ಮೂರನೇ ವಾರಕ್ಕೆ ಸದ್ದು ಶುರುವಾದದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ತಗೊಂಡು ಒಂದು ಗಂಟೆ ಕೂತು ಉಜ್ಜಿದೆ. ಥ್ರೆಡ್ಡಿನ ಒಂದೊಂದು ಗೆರೆಯೂ ಬೆಳ್ಳಗೆ ಕಾಣುವ ತನಕ. ಬೇರಿಂಗಿನ ಡಬ್ಬಿಗೆ ಮಾತ್ರ ಸೀಮೆಎಣ್ಣೆ ತಾಗಿಸಬಾರದು, ಒಳಗಿನ ಗ್ರೀಸ್ ಕರಗುತ್ತದೆ. ಕೆಲವರು ಸದ್ದು ಬಂದ ಕೂಡಲೇ ತುಕ್ಕು ಬಿಡಿಸುವ ಸ್ಪ್ರೇಯನ್ನು ಬಿಬಿಗೆ ಹೊಡೆಯುತ್ತಾರೆ. ಎರಡು ದಿನ ಸದ್ದು ನಿಲ್ಲಬಹುದು, ಆದರೆ ಅದು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ದಯವಿಟ್ಟು ಮಾಡಬೇಡಿ.

ಗ್ರೀಸ್ ತರಲು ಮಲ್ಪೆಗೇ ಹೋದೆ. ಬಂದರಿನ ಹತ್ತಿರ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ನೀರಿಗೆ ತೊಳೆದು ಹೋಗದ ಗ್ರೀಸ್ ಸಿಗುತ್ತದೆ. ಉಪ್ಪುನೀರಿನಲ್ಲಿ ನಿಲ್ಲುವ ಗ್ರೀಸ್ ನಮ್ಮ ಊರಿನ ಸೈಕಲ್ಲಿಗೆ ಸಾಕೇ ಸಾಕು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಮೇಲಿಂದ ಕಡಲ ಗಾಳಿ. ಉಕ್ಕಿನ ಬಿಬಿ ಕಪ್ ಅಲ್ಯೂಮಿನಿಯಂ ಫ್ರೇಮಿಗೆ ನೇರ ತಾಗಿಕೊಂಡು, ಮಧ್ಯೆ ಉಪ್ಪುನೀರು ಸೇರಿದರೆ ಎರಡು ಲೋಹ ಒಂದನ್ನೊಂದು ಕಚ್ಚಿಕೊಂಡು ಬಿಡುತ್ತವೆ. ನಾಲ್ಕು ಮಳೆಗಾಲ ಕಳೆದ ಮೇಲೆ ಬಿಚ್ಚಲು ಹೋದರೆ ಬರುವುದೇ ಇಲ್ಲ. ಸದ್ದು ಇಲ್ಲದಿದ್ದರೂ ಹೊಸ ಸೈಕಲ್ಲಿನ ಬಿಬಿಯನ್ನು ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಫ್ರೇಮಿನ ಥ್ರೆಡ್ಡಿಗೆ, ಕಪ್ಪಿನ ಥ್ರೆಡ್ಡಿಗೆ, ಕಪ್ ಕಾರ್ಟ್ರಿಡ್ಜಿಗೆ ತಾಗುವ ಒಳಮೈಗೆ, ಎಲ್ಲ ಕಡೆ ಧಾರಾಳವಾಗಿ ಹಚ್ಚಿದೆ. ಬಲಗಡೆಯಿಂದ ಕಾರ್ಟ್ರಿಡ್ಜ್ ಮೊದಲು, ಅದರ ಅಂಚು ಫ್ರೇಮಿಗೆ ತಾಗುವ ತನಕ. ಆಮೇಲೆ ಎಡ ಕಪ್. ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಬೇಕು. ಓರೆಯಾಗಿ ಕೂತರೆ ಫ್ರೇಮಿನ ಥ್ರೆಡ್ ಹೋಗುತ್ತದೆ, ಆಮೇಲೆ ಅಳುವುದೊಂದೇ ಬಾಕಿ. ಥ್ರೆಡ್ ಸ್ವಲ್ಪ ಸಡಿಲ ಅನ್ನಿಸಿದರೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಸುತ್ತು ಸುತ್ತಿ ಹಾಕಬಹುದು, ಸದ್ದಿಗೆ ಅದೂ ಒಳ್ಳೆಯ ಮದ್ದು. ನನಗೆ ಬೇಕಾಗಲಿಲ್ಲ.

ಚೌಕ ಅಚ್ಚಿನ ಮೇಲೆ ಕ್ರ್ಯಾಂಕ್ ಕೂರಿಸುವಾಗ ಗ್ರೀಸ್ ಹಚ್ಚಬೇಕಾ ಬೇಡವಾ ಅಂತ ಮೆಕ್ಯಾನಿಕ್‌ಗಳಲ್ಲೇ ಎರಡು ಮತ ಇದೆ. ನಾನು ಎರಡೂ ಮೈ ಚೆನ್ನಾಗಿ ಒರೆಸಿ, ಒಣಗಿದ ಹಾಗೇ ಕೂರಿಸಿದೆ, ಬೋಲ್ಟಿನ ಥ್ರೆಡ್ಡಿಗೆ ಮಾತ್ರ ಗ್ರೀಸ್ ಹಚ್ಚಿದೆ. ಬೋಲ್ಟ್ 40 ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಇರಬೇಕು. ಕ್ರ್ಯಾಂಕ್ ಲೂಸ್ ಇದ್ದರೆ ಒಂದು ದಿನವೂ ಓಡಿಸಬೇಡಿ. ಅಚ್ಚು ಉಕ್ಕು, ಕ್ರ್ಯಾಂಕ್ ಅಲ್ಯೂಮಿನಿಯಂ. ಲೂಸಾಗಿ ತುಳಿದರೆ ಕ್ರ್ಯಾಂಕಿನ ಚೌಕ ತೂತು ದುಂಡಗಾಗಿ ಬಿಡುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಜಾಸ್ತಿ ಬೆಲೆಯ ಕೆಲವು ಸೈಕಲ್ಲುಗಳಲ್ಲಿ ಪ್ರೆಸ್‌ಫಿಟ್ ಬಿಬಿ ಇರುತ್ತದೆ. ಅದಕ್ಕೆ ಥ್ರೆಡ್ಡೇ ಇಲ್ಲ, ಫ್ರೇಮಿನೊಳಗೆ ಒತ್ತಿ ಕೂರಿಸುತ್ತಾರೆ. ಫ್ರೇಮಿನ ತೂತಿನ ಅಳತೆ ಒಂಚೂರು ಹೆಚ್ಚುಕಡಿಮೆ ಆದರೂ ಅದು ಸದ್ದು ಮಾಡುತ್ತದೆ, ಸರಿ ಮಾಡಲು ಪ್ರೆಸ್ ಬೇಕು, ಮನೆಯಲ್ಲಿ ಕೈ ಹಾಕುವ ಕೆಲಸ ಅಲ್ಲ. ಹೊಸ ಸೈಕಲ್ ತಗೊಳ್ಳುವವರು ನನ್ನನ್ನು ಕೇಳಿದರೆ ಥ್ರೆಡ್ ಇರುವ ಬಿಬಿಯದ್ದೇ ತಗೊಳ್ಳಿ ಅನ್ನುತ್ತೇನೆ. ನಮ್ಮ ಮಳೆಗೆ ಅದೇ ಸರಿ.

ಮರುದಿನ ಬೆಳಿಗ್ಗೆ ಇಂದ್ರಾಳಿ ಸೇತುವೆ ದಾಟುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಏರು ಶುರುವಾಯಿತು. ಎದ್ದು ನಿಂತು ತುಳಿದೆ. ಚೈನಿನ ಸರಸರ ಸದ್ದು, ಟಯರಿನ ಸದ್ದು, ನನ್ನ ಉಸಿರು, ಅಷ್ಟೇ. ಲಕ್ಷ್ಮೀಂದ್ರ ನಗರ ದಾಟಿತು. ಟೈಗರ್ ಸರ್ಕಲ್ ಬಂತು. ಅಷ್ಟು ಖುಷಿಯಾಗಿ ಅಲ್ಲಿಂದ ಪರ್ಕಳದ ತನಕ ಇಳಿದು, ಪುನಃ ಹತ್ತಿ ಬಂದೆ. ಒಂದೇ ಒಂದು ಕಟಕ್ ಇಲ್ಲ.

ಮಗಳ ನೈಲ್ ಪಾಲಿಶಿನಿಂದ ಎಡ ಕಪ್ಪಿನ ಮೇಲಿಂದ ಫ್ರೇಮಿಗೆ ಒಂದು ಸಣ್ಣ ಗೆರೆ ಎಳೆದಿದ್ದೇನೆ. ಕಪ್ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಕ್ರ್ಯಾಂಕ್ ಬೋಲ್ಟನ್ನು ಒಮ್ಮೆ ನೋಡಿದೆ, ಸ್ವಲ್ಪವೇ ತಿರುಗಿತು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟಿನ ಕಂಬ ತೆಗೆದು ಸೈಕಲನ್ನು ತಲೆಕೆಳಗೆ ಮಾಡುತ್ತೇನೆ, ಯಾಕೆಂದರೆ ಕಂಬದ ಸಂದಿನಿಂದ ಇಳಿದ ನೀರು ನೇರ ಬಿಬಿಯ ಕೊಳವೆಗೇ ಬಂದು ನಿಲ್ಲುತ್ತದೆ. ಜುಲೈಯಲ್ಲಿ ಮಾಡಿದಾಗ ಅರ್ಧ ಲೋಟ ನೀರು ಬಂತು. ಗೆರೆ ಮಾತ್ರ ಇದ್ದ ಹಾಗೇ ಇದೆ.